ಕ್ಯಾರಿಯರ್ ಮ್ಯಾಲಿನ ಮಾತು

ಹೋದ ವಾರ ಅಟ್ಟದ ಮ್ಯಾಲಿನ ಟ್ರಂಕು ಇಳಿಸಿ ತಗದ್ರ ಹಳೇ ರೇನ್‌ಕೋಟಿನ ವಾಸನಿ ಒಮ್ಮೆಲೇ ಮೂಗಿಗಿ ಹೊಡೀತು. ಖಾಕಿ ಬಣ್ಣದ ರಬ್ಬರ್ ರೇನ್‌ಕೋಟು, ಮಡಚಿ ಇಟ್ಟಲ್ಲೇ ಒಂದಕ್ಕೊಂದು ಅಂಟಿ ಕಟಕ್ ರೊಟ್ಟಿಹಂಗ ಆಗಿತ್ತು. "ಇನ್ನೂ ಐತೇನ್ರೀ ಅದು? ಒಗೀರಿ ಹೊರಗ" ಅಂದ್ಲು ನಮ್ಮನಿಯಾಕಿ. ಶಿವಬಸವ ನಗರದ ಈ ಮನಿಗಿ ಬಂದಾಗಿಂದ ಆಕಿಗಿ ಹಳೇ ಸಾಮಾನು ಕಂಡ್ರ ಆಗೂದಿಲ್ಲ. ನಾ ಒಗೀಲಿಲ್ಲ. ಮೂಗಿಗಿ ಹಿಡಕೊಂಡು ನಿಂತೆ. ಎಂಬತ್ತರ ಆಜೂಬಾಜೂದ ಒಂದು ಮಳಿಗಾಲ ಎದ್ದು ಬಂತು, ಅದರ ಬೆನ್ನಹಿಂದ ಆಗಿನ ಹೊಟ್ಟಿಕಿಚ್ಚೂ ಎದ್ದು ಬಂತು. ವಯಸ್ಸಾದಂಗ ಹೊಟ್ಟಿಕಿಚ್ಚು ಆರತೈತಿ ಅಂತಾರ. ಸುಳ್ಳು.

ಲಗ್ನಕ್ಕ ಮೊದಲು ನನ್ನ ಸೈಕಲ್ಲಿಗಿ ಕ್ಯಾರಿಯರ್ ಇರಲಿಲ್ಲ. ಭಾರ ಆಗತೈತಿ ಅಂತ ಮಡ್‌ಗಾರ್ಡೂ ಬಿಚ್ಚಿ ಇಟ್ಟಿದ್ದೆ. ಬೆಳಗಾವಿ ಉದ್ಯಮಬಾಗದಾಗ ಒಂದು ಸಣ್ಣ ಕಾರಖಾನಿ, ಅಲ್ಲಿ ಲೇತ್ ಮಶಿನ್ ಮ್ಯಾಲೆ ನನ್ನ ಕೆಲಸ. ರವಿವಾರ ಬಂತಂದ್ರ ದೋಸ್ತರ ಕೂಡ ಖಾನಾಪುರಕ್ಕ ಶರ್ಯತ್ತು. ಮಚ್ಛೆ ದಾಟಿದ್ರ ಸುರು, ಯಾವಾಂವ ಮೊದಲು ಮಲಪ್ರಭಾದಾಗ ಮುಳುಗಿ ಏಳ್ತಾನ ಅಂವ ಗೆದ್ದಂಗ. ದೇಸೂರ ಹತ್ರ ರೈಲು ಬಾಜೂಕ ಬಂದ್ರ ಅದರ ಕೂಡನೂ ಜಿದ್ದು. ಸಂಜಿಮುಂದ ಮೈತುಂಬ ಕೆಸರು ಬಡಕೊಂಡು ಬಂದ್ರ "ಬಂದ್ನಪಾ ನಮ್ಮ ಹುಚ್ಚ" ಅಂತ ಅಣ್ಣ ಬೈತಿದ್ದ.

ನೀಲಾ ನನ್ನ ಕೈ ಹಿಡದು ಬಂದ ಮ್ಯಾಲೆ ಮಡ್‌ಗಾರ್ಡು ವಾಪಸ್ ಬಂತು, ಕ್ಯಾರಿಯರ್ ಬಂತು, ಕ್ಯಾರಿಯರ್ ಮ್ಯಾಲೆ ಸ್ಪಂಜಿನ ಸೀಟು ಬಂತು. ಎತ್ತು ನೊಗಕ್ಕ ಬಿತ್ತು ಅಂತ ದೋಸ್ತರು ನಕ್ರು. ನಗಲಿ, ನನಗೇನು. ಅವರಿಗಿ ಏನ್ ಗೊತ್ತಿತ್ತು ಆ ಕ್ಯಾರಿಯರಿನ ಕಿಮ್ಮತ್ತು!

ಹಿಂದವಾಡ್ಯಾಗ ನಮ್ಮದು ಎರಡು ಕೋಲಿ, ಒಂದು ಪಡಸಾಲಿ. ಅದರೊಳಗ ಅವ್ವ, ಅಣ್ಣ, ವೈನಿ, ಅವರ ಮಕ್ಕಳು, ಮ್ಯಾಲೆ ನಾವಿಬ್ರು. ಆ ಮನ್ಯಾಗ ಒಂದು ರೀತಿ ಇತ್ತು: ಹಿರೇರ ಮುಂದ ಗಂಡ ಹೆಂಡ್ತಿ ಮಾತಾಡಬಾರದು. ಯಾರೂ ಬರದು ಗ್ವಾಡಿಗಿ ಹಚ್ಚಿರಲಿಲ್ಲ ಬಿಡ್ರಿ. ಖರೇ ಅಪ್ಪ ಇದ್ದಾಗ ಅವ್ವನ ಕೂಡ ಮಾತಾಡಿದ್ದನ್ನ ನಾ ಕೇಳಿರಲಿಲ್ಲ, ಅಣ್ಣ ವೈನಿ ಮಾತಾಡಿದ್ದನ್ನೂ ಕೇಳಿರಲಿಲ್ಲ. ನಾನೂ ಅವರ ದಾರಿ ಹಿಡದೆ. ಚಹಾ ಬೇಕಾದ್ರ ಗ್ವಾಡಿ ನೋಡಿ "ಚಹಾ" ಅಂತಿದ್ದೆ. ಆಕಿ ಕಪ್ಪು ತಂದು ನೆಲದ ಮ್ಯಾಲಿಟ್ಟು ಹೋಗ್ತಿದ್ಲು. ರಾತ್ರಿ ಪಿಸುಗುಟ್ಟಿದ್ರೂ ಬಾಜೂ ಕೋಲ್ಯಾಗ ಅಣ್ಣ ಕೆಮ್ಮತಿದ್ದ. ಹಂಗಾದ್ರ ಮಗಳು ಹೆಂಗ ಹುಟ್ಟಿದ್ಲು ಅಂತ ಕೇಳಬ್ಯಾಡ್ರಿ. ಅದಕ್ಕ ಮಾತು ಬೇಕಾಗೂದಿಲ್ಲ.

ನಮ್ಮ ಸಂಸಾರದ ಮಾತೆಲ್ಲಾ ಸೈಕಲ್ ಮ್ಯಾಲೆ. ಸಂಜಿಮುಂದ ಕಾಯಿಪಲ್ಲೆ ತರೂದು, ಡಾಕ್ಟರ ಕಡೆ ಹೋಗೂದು, ಗುಡಿಗಿ ಹೋಗೂದು, ಏನರ ಒಂದು ನೆವ. ಓಣಿ ತಿರುವು ದಾಟೂ ತನಕ ಇಬ್ರೂ ಗಪ್. ತಿರುವು ದಾಟಿದ್ವಿ ಅಂದ್ರ ಹಿಂದಿಂದ ಸುರು ಆಗ್ತಿತ್ತು, ಮುಂದಿಂದ ನಾನೂ ಬಿಡದ ಮಾತಾಡ್ತಿದ್ದೆ. ಮನ್ಯಾಗ ಬಾಯಿ ಇಲ್ಲದಂಗ ಇರ್ತಿದ್ದಾಕಿ ಕ್ಯಾರಿಯರ್ ಮ್ಯಾಲೆ ಕುಂತ್ಲಂದ್ರ ರೇಡಿಯೋ. ವೈನಿ ಗೊರಕಿ ಹೊಡಿಯೂದನ್ನ ಮಾಡಿ ತೋರಸ್ತಿದ್ಲು. ತವರಮನಿ ನೆನಸಿ ಅಳ್ತಿದ್ಲು. "ನಿಮ್ಮ ಅಂಗಿ ಗುಂಡಿ ಹರದೈತಿ, ಹಂಗ ಹೋಗಿ ನನ್ನ ಮಾನ ಕಳೀಬ್ಯಾಡ್ರಿ" ಅಂತ ಬೈತಿದ್ಲು. ಆಕಿ ನಕ್ರ ಸೈಕಲ್ ಅಲಗ್ಯಾಡ್ತಿತ್ತು. ತಿಳಕವಾಡಿ ರೈಲ್ವೆ ಗೇಟು ಹಾಕಿದ್ರ ಉಳಿದ ಮಂದಿ ಗಾಡಿಗಿ ಹಿಡಿಶಾಪ ಹಾಕ್ತಿದ್ರು. ನಾವಿಬ್ರ ಮಾತ್ರ ಮಾಲಗಾಡಿ ಬರಲಿ, ಉದ್ದನ್ನದ್ದು ಬರಲಿ ಅಂತ ಬೇಡ್ಕೊತಿದ್ವಿ. ಮಳಿ ಬಂದ್ರ ನನ್ನ ರೇನ್‌ಕೋಟಿನ ಹಿಂದಿನ ತುದಿ ಎತ್ತಿ ತಲಿಮ್ಯಾಲೆ ಹೊದಕೊಂಡು ಒಳಗಿಂದ ಮಾತಾಡ್ತಿದ್ಲು. ಮಾತು ಕಿವಿಗಿ ಬರೂಕಿಂತ ಮೊದಲು ಬೆನ್ನಿಗಿ ಬೆಚ್ಚಗ ತಾಗ್ತಿತ್ತು.

ಮಗಳು ಹುಟ್ಟಿದ ಮ್ಯಾಲೆ ಮುಂದಿನ ದಂಡಕ್ಕ ಸಣ್ಣ ಸೀಟು ಕೂಡಿಸಿದೆ. ರೈಲಿನ ಕೂಡ ಜಿದ್ದಿಗಿ ಬಿದ್ದಾಂವ ಈಗ ಎಮ್ಮಿ ಹಿಂದ ಹೋಗಾಕ ಹತ್ತಿದೆ, ತಗ್ಗು ಬಂದ್ರ ಇಳದು ತಳ್ಳಾಕ ಹತ್ತಿದೆ. ಮಗಳು ದಂಡದ ಮ್ಯಾಲ ನಿದ್ದಿ ಹೋದ್ರ ಇನ್ನೂ ಛಲೋ, ದೂರದ ರಸ್ತಾ ಹಿಡದು ಮನಿಗಿ ಬರ್ತಿದ್ವಿ. ಜಗತ್ತಿನ್ಯಾಗ ನನ್ನಷ್ಟು ಸುಖೀ ಮನಶ್ಯಾ ಇರಲಿಲ್ಲ ನೋಡ್ರಿ.

ಆ ವರ್ಷ ಮಿರಗಾ ಮಳಿ ಹಿಡಿಯೂ ಹೊತ್ತಿಗಿ ನೀಲಾಗ ನೌಕರಿ ಆರ್ಡರ್ ಬಂತು. ಲಗ್ನಕ್ಕ ಮೊದಲ ಟೀಚರ್ ಟ್ರೇನಿಂಗ್ ಮುಗಿಸಿದ್ಲು. ಖಾನಾಪುರದ ಕನ್ನಡ ಸಾಲಿ. ಅಣ್ಣ ಮುಖ ಗಂಟ ಹಾಕಿದ. ಅವ್ವ "ಹೋಗಲಿ ಬಿಡೋ, ಕೂಸಿನ್ನ ನಾ ನೋಡ್ಕೊತೇನಿ" ಅಂದು ಮಾತು ಮುಗಿಸಿದ್ಲು. ನಾ ಒಳಗೊಳಗ ಕುಣದೆ. ಯಾಕಂದ್ರ ದಿನಾ ಮುಂಜಾನಿ ಪ್ಯಾಸೆಂಜರ್ ಗಾಡಿಗಿ ಬಿಡೂದು, ಸಂಜಿಕ ಕರಕೊಂಡು ಬರೂದು, ಅಂದ್ರ ದಿನಾ ಎರಡು ಸಲ ಮಾತು! ನೆವ ಹುಡಕೂ ಗೊಡವಿನ ಇಲ್ಲ.

ಆದ್ರ ಮಾತಿನ ಬಣ್ಣ ಬದಲಾತು. ಮೊದಲು ಆಕಿ ಮಾತಿನೊಳಗ ಇರ್ತಿದ್ದವರು ನಾನು, ಅವ್ವ, ವೈನಿ, ಮಗಳು. ಈಗ "ನಮ್ಮ ಡಬ್ಬಿಯವರು" ಅಂತ ಒಂದು ಹೊಸಾ ಬಳಗ ಹುಟ್ಟಿತ್ತು. ದಿನಾ ಬೆಳಗಾವಿಯಿಂದ ಹೋಗಿಬರೂ ಮಾಸ್ತರು, ಟೀಚರು, ಕಚೇರಿ ಮಂದಿ, ಎಲ್ಲಾ ರೈಲಿನ ಒಂದ ಡಬ್ಬ್ಯಾಗ ಕೂಡೂದು. ಒಬ್ಬರ ಬುತ್ತಿ ಒಬ್ರು ತಿನ್ನೂದು, ಅರ್ಧ ಕನ್ನಡ ಅರ್ಧ ಮರಾಠಿ, ಸುಖದುಃಖ ಎಲ್ಲಾ ಹಂಚಕೊಳ್ಳೂದು. ಅದರಾಗ ಒಬ್ರು ದೇಸಾಯಿ ಸರ್, ಆಕಿ ಸಾಲಿಯವರ. ದೇಸಾಯಿ ಸರ್ ಹಿಂಗಂದ್ರು, ದೇಸಾಯಿ ಸರ್ ಹಂಗಂದ್ರು. ಒಂದಿನ ದೇಸಾಯಿ ಸರ್ ಹೇಳಿದ ಜೋಕ್ ಹೇಳಾಕ ಹೋಗಿ, ಹೇಳೂಕಿಂತ ಮೊದಲ ತಾನ ನಕ್ಕು ನಕ್ಕು ಕ್ಯಾರಿಯರ್ ಅಲಗ್ಯಾಡಿಸಿದ್ಲು. ನಾ ನಗಲಿಲ್ಲ. ಆ ನಗು ನನ್ನದಾಗಿತ್ತು. ಅದನ್ನ ಯಾವನೋ ದೇಸಾಯಿ ಗಾಡ್ಯಾಗ ಪುಕ್ಕಟೆ ತಗೊಂಡು, ಉಳದದ್ದನ್ನ ನನಗ ಕಳಿಸಿದಂಗಾತು.

ಆರಿದ್ರಾ ಮಳ್ಯಾಗ ನನ್ನ ಕಾರಖಾನಿಗಿ ದೊಡ್ಡ ಕೆಲಸ ಬಂತು. ನಸಿಕಿನ್ಯಾಗ ಹೋದ್ರ ದೀಪ ಹಚ್ಚೂ ಹೊತ್ತಿಗಿ ಮನಿ ಕಾಣೂದು. ಬಿಡೂದೂ ಹೋತು, ಕರಕೊಂಡು ಬರೂದೂ ಹೋತು. ಆಕಿ ಸ್ಟೇಷನ್ ತನಕ ನಡಕೊಂತ ಹೋಗಾಕ ಹತ್ತಿದ್ಲು. ಒಂದು ರವಿವಾರ ಕ್ಯಾರಿಯರ್ ಮ್ಯಾಲೆ ಕುಂತು "ನಾ ಸೈಕಲ್ ಕಲೀತೇನ್ರೀ" ಅಂದ್ಲು.

ನನಗ ಬರೋಬ್ಬರಿ ಅನಸಲಿಲ್ಲ. ಖರೇ ಬ್ಯಾಡ ಅನ್ನಾಕ ಕಾರಣ ಸಿಗಲಿಲ್ಲ. ಬಾಡಿಗಿ ಅಂಗಡಿಯಿಂದ ಲೇಡೀಜ್ ಸೈಕಲ್ ತಂದು, ಮನಿ ಹಿಂದಿನ ಬಯಲಾಗ ಹತ್ತಿಸಿ, ಹಿಂದ ಕ್ಯಾರಿಯರ್ ಹಿಡಕೊಂಡು ಓಡಿದೆ. ನನ್ನ ಸ್ವಭಾವ ನಿಮಗ ಗೊತ್ತಿಲ್ಲ. ಮಶಿನ್ ಮ್ಯಾಲೆ ಕೂದಲೆಳೆ ತಪ್ಪಿದ್ರೂ ಒದರ್ಯಾಡಾಂವ ನಾ. "ಮುಂದ ನೋಡ! ಪೆಡಲ್ ತುಳಿ! ಕೈ ಸಡಲ ಬಿಡು! ಕಿವಿ ಕೇಳಸೂದಿಲ್ಲೇನ? ಅಯ್ಯ, ನಿನ್ನ!" ಆಕಿ ಕೆಸರಾಗ ಧೊಪ್ಪಂತ ಬಿದ್ಲು. ಎದ್ದು ಸೀರಿ ಝಾಡಿಸಿ ನನ್ನ ಮುಖ ನೋಡಿ ಅಂದ್ಲು, "ನೀವು ಮುಂದ ಕುಂತಾಗ ಭಾಳ ಛಲೋ ಇರ್ತೀರಿ. ಹಿಂದ ನಿಂತ್ರ ರಾಕ್ಷಸ ಆಗ್ತೀರಿ. ಸಾಕು."

ಅವತ್ತಿಂದ ರವಿವಾರದ ಸವಾರಿನೂ ಬಂದ್. ಆಕಿಗಿ ಸಿಟ್ಟು, ನನಗ ಹಟ. ಸಿಟ್ಟು ತಗೀಬೇಕಂದ್ರ ಮಾತಾಡಬೇಕು, ಮಾತಾಡಬೇಕಂದ್ರ ಸೈಕಲ್ ಹತ್ತಬೇಕು, ಸೈಕಲ್ ಹತ್ತಾಕ ಆಕಿ ಒಲ್ಲೆ ಅಂತಾಳ. ಮನ್ಯಾಗ ಇಬ್ರೂ ಎದುರಾ ಬದುರಾ ಓಡಾಡಿಕೊಂಡಿದ್ವಿ, ಬಾಯಿಗಿ ಕೀಲಿ ಜಡಕೊಂಡು.

ಪುಷ್ಯ ಮಳಿ ಜೋರು ಹಿಡದಿತ್ತು. ಒಂದು ಶನಿವಾರ ಉದ್ಯಮಬಾಗದಾಗ ಕರೆಂಟ್ ಹೋಗಿ ಮಧ್ಯಾಹ್ನಕ್ಕ ನಮ್ಮನ್ನ ಬಿಟ್ರು. ಬರ್ತಾ ತಿಳಕವಾಡಿ ಗೇಟು ಹಾಕಿತ್ತು. ಮಂದಿ ಹಿಂದ ನಿಂತು ಮುಂದ ನೋಡಿದ್ರ, ಗೇಟಿನ ಹತ್ರ ನೀಲಾ. ಕೈಯಾಗ ಲೇಡೀಜ್ ಸೈಕಲ್ಲು. ಬಾಜೂಕ ಬಿಳೇ ಶರ್ಟಿನ ಒಬ್ಬ ಗಂಡಸು. ಅವನ ಚೀಲ, ಅವನ ಛತ್ರಿ ಆಕಿ ಕ್ಯಾರಿಯರ್ ಮ್ಯಾಲೆ. ಅಂವ ಏನೋ ಹೇಳಿದ, ಆಕಿ ತಲಿ ಹಿಂದ ಚೆಲ್ಲಿ ನಕ್ಕಳು. ಬೆನ್ನಿಗಷ್ಟ ಗೊತ್ತಿದ್ದ ಆ ನಗಿನ್ನ ನಾ ಕಣ್ಣಿಂದ ನೋಡಿದ್ದು ಅವತ್ತ. ಅದೂ ಇನ್ನೊಬ್ಬನ ಬಾಜೂಕ ನಿಂತಾಗ. ಗೇಟು ಎದ್ದಿತು, ಅಂವ ತನ್ನ ಚೀಲ ಛತ್ರಿ ಇಳಿಸಿಕೊಂಡ. ಆಕಿ ಟಕ್ಕನ ಸೈಕಲ್ ಹತ್ತಿ, ಗಂಟಿ ಬಾರಿಸಿ, ಮಂದ್ಯಾಗ ಮೀನಿನ ಹಂಗ ಹಾದುಹೋದ್ಲು. ಒಂಚೂರೂ ಓಲಾಡಲಿಲ್ಲ. ಆ ಬಿಳೇ ಶರ್ಟು ಹಿಂದ ನಡಕೊಂತ ಹೋತು.

ದೇಸಾಯಿ! ಇಂವನ ದೇಸಾಯಿ. ಇಂವನ ಕಲಿಸ್ಯಾನ. ನಾ ಹಿಡದಾಗ ಬಿದ್ದಾಕಿ ಇಂವ ಹಿಡದಾಗ ನಿಂತಾಳ.

ಮನಿಗಿ ಹೋದ್ರ ಆ ಸೈಕಲ್ ಕಟ್ಟಿಗಿ ಆನಿಸಿ ನಿಂತಿತ್ತು. ವರ್ಗ ಆಗಿ ಹೋದ ಟೀಚರೊಬ್ಬರು ಕೊಟ್ಟು ಹೋಗ್ಯಾರ ಅಂತ ವೈನಿ ಅಣ್ಣಗ ಕೇಳೂಹಂಗ ತನ್ನ ಮಗಳಿಗಿ ಹೇಳಿದ್ಲು. ನೀಲಾ ನನ್ನ ಕಡೆ ಒಂದ್ಸಲ ನೋಡಿದ್ಲು. ಏನೋ ಹೇಳಬೇಕಂತ ಇತ್ತು ಆಕಿ ಮನಸಿನ್ಯಾಗ, ನನಗ ಕಾಣ್ತಿತ್ತು. ಅವ್ವ ಕುಂತಿದ್ಲು, ಅಣ್ಣ ಕುಂತಿದ್ದ. ನಾ ಗ್ವಾಡಿ ನೋಡಿದೆ.

ಸೋಮವಾರ ಕಾರಖಾನಿಗಿ ಜ್ವರ ಅಂತ ಹೇಳಿಕಳಿಸಿ ಸೈಕಲ್ ಖಾನಾಪುರದ ಕಡೆ ತಿರುವಿದೆ. ಎಷ್ಟೋ ವರ್ಷ ಆಗಿತ್ತು ಆ ರಸ್ತಾ ತುಳದು. ಮುಂದ ಮಗಳ ಸೀಟು ಗಡಗಡ ಅಂತಿತ್ತು, ಮಡ್‌ಗಾರ್ಡ್ ಕಿರ್ ಅಂತಿತ್ತು. ಬಾಜೂ ಗದ್ದ್ಯಾಗ ಹೆಣ್ಮಕ್ಕಳು ಸಾಲು ಹಿಡದು ಭತ್ತದ ನಾಟಿ ಹಚ್ಚತಿದ್ರು. ದೇಸೂರ ಹತ್ರ ಬಂದಾಗ ಪ್ಯಾಸೆಂಜರ್ ಗಾಡಿ ಬಂತು. ಆಕಿ ಗಾಡಿ. ಹಳೇ ಜಿದ್ದು ಎದ್ದು ನಿಂತು ತುಳದೇ ತುಳದೆ. ಕಿಟಕ್ಯಾಗ ಕೈಗೋಳು, ಬುತ್ತಿ ಡಬ್ಬಿ, ಯಾರೋ ಹಾಡ್ತಿದ್ರು, ಎಲ್ಲಾರೂ ನಗ್ತಿದ್ರು. ಯಾವ ಕಿಟಕ್ಯಾಗ ಆಕಿ ಇದ್ಲೋ ಏನೋ. ಗಾಡಿ ನನ್ನ ಬಿಟ್ಟು ಹೋತು. ಉಸರು ಹತ್ತಿ ಮಾವಿನ ಗಿಡದ ಬುಡಕ ಕುಂತು, ಒಂದು ಡಬ್ಬಿ ತುಂಬ ಮಂದಿಗಿ ಶಾಪ ಹಾಕಿದೆ.

ಮಲಪ್ರಭಾ ಕೆಂಪಗ ತುಂಬಿ ಹರೀತಿತ್ತು. ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಆಕಿ ಸಾಲಿ, ಹಂಚಿನದು. ಹಂಚಿನ ನೀರು ತಲಿಮ್ಯಾಲೆ ಸುರೀತಿದ್ರೂ ಕಿಟಕಿ ಬಾಜೂಕ ನಿಂತೆ. ಒಳಗ ನೀಲಾ ಮಗ್ಗಿ ಹೇಳಸ್ತಿದ್ಲು. "ಏ, ಮಳಿಗಿಂತ ಜೋರ ಹೇಳ್ರಿ! ಇನ್ನೂ ಜೋರ!" ಅಂತಾಳ, ಮಕ್ಕಳು ಹಂಚು ಹಾರೂಹಂಗ ಒದರ್ತಾವ. ಎಂಥಾ ದನಿ! ಗಂಟಿ ಬಾರಿಸಿದಂಗ. ನನಗ ಸಿಕ್ಕದ್ದು ಬೆನ್ನಹಿಂದಿನ ಪಿಸುಮಾತು, ಈ ದನಿ ಒಂದಿನಾನೂ ಕೇಳಿರಲಿಲ್ಲ. ಮೂಗು ಸೋರಸೂ ಆ ಮಕ್ಕಳ ಮ್ಯಾಲೂ ಹೊಟ್ಟಿಕಿಚ್ಚು ಬಂತು ಅಂದ್ರ ನಂಬ್ತೀರೇನು?

"ಕೋಣ ಪಾಹಿಜೆ?" ಯಾರ್ ಬೇಕಾಗಿತ್ತು ಅಂತ ಹಿಂದಿಂದ ಮರಾಠಿಯೊಳಗ ಕೇಳಿದ್ರು. ನೋಡಿದ್ರ ಅದ ಬಿಳೇ ಶರ್ಟು, ಅದ ಛತ್ರಿ. ಹತ್ರದಿಂದ ನೋಡಿದ್ರ ಅಣ್ಣಗಿಂತ ಹಿರಿಯ ಮನಶ್ಯಾ, ಕೂದಲ ಅರ್ಧ ಬೆಳ್ಳಗ. ಇರಲಿ, ನಗಸಾಕ ವಯಸ್ಸು ಬೇಕೇನು?

"ನಾ ನೀಲಾ ಟೀಚರ್ ಯಜಮಾನ" ಅಂದೆ.

"ಅರೇ! ಬರ್ರಿ ಬರ್ರಿ, ಕುಂದರ್ರಿ. ಎಷ್ಟ ತೊಯ್ಸಿಕೊಂಡೀರಿ! ನಿಮ್ಮನ್ನ ನೋಡಬೇಕಂತ ನಮ್ಮ ಡಬ್ಬ್ಯಾಗ ಎಲ್ಲಾರಿಗೂ ಆಶಾ ಇತ್ತು. ನಿದ್ದ್ಯಾಗ ಹಲ್ಲು ಕಡಿಯೂದು ಕಡಿಮಿ ಆತೇನ್ರೀ? ಮಲಗೂ ಮುಂದ ಬಿಸಿನೀರು ಕುಡೀಲಿ ಅಂತ ಪೋಸ್ಟ್ ಮಾಸ್ತರ್ ಹೇಳಿದ್ರು."

ನನ್ನ ಹಲ್ಲು! ನನ್ನ ಹಲ್ಲಿನ ಸುದ್ದಿ ಪೋಸ್ಟ್ ಮಾಸ್ತರ್ ತನಕ ಹೋಗಿತ್ತು. ಅಣ್ಣನ ಕೆಮ್ಮು, ವೈನಿ ಗೊರಕಿ, ಮಗಳು ಮಣ್ಣು ತಿನ್ನೂದು, ಒಂದೂ ಬಿಡದಂಗ ಆ ಮನಶ್ಯಾಗ ಗೊತ್ತಿತ್ತು. ನನಗಂತ ಕ್ಯಾರಿಯರ್ ಮ್ಯಾಲೆ ಹೇಳಿದ್ದೆಲ್ಲಾ ಡಬ್ಬಿತುಂಬ ಹಂಚ್ಯಾಳ. ತಡಕೊಳ್ಳಾಕ ಆಗಲಿಲ್ಲ.

"ಆಕಿಗಿ ಸೈಕಲ್ ನೀವ ಕಲಿಸಿದ್ರೇನು?"

ಅವರು ಹೊಟ್ಟಿ ಹಿಡಕೊಂಡು ನಕ್ರು. "ನಾನ? ನನಗ ಸೈಕಲ್ ಬರೂದಿಲ್ರೀ ಸಾಹೇಬ್ರ! ಬೀಳ್ತೀ ಅಂತ ನಮ್ಮವ್ವ ಹತ್ತಗೊಡಲಿಲ್ಲ. ಟೀಚರ್‌ಗಿ ಕಲಿಸಿದವರು ನಿಮ್ಮ ತಾಯಿಯವರು. ನಸಿಕಿನ್ಯಾಗ ನೀವು ಕೆಲಸಕ್ಕ ಹೋದಕೂಡಲೇ ಬಾಡಿಗಿ ಸೈಕಲ್ಲಿನ ಕ್ಯಾರಿಯರ್ ಹಿಡಕೊಂಡು ಓಡ್ತಿದ್ರಂತಲ್ಲ. ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ" ಅಂದೆ.

"ನಿಮ್ಮದು ಮಾತು ಭಾಳ ಕಡಿಮಿ ಅಂತ ಕೇಳಿದ್ದೆ. ಖರೇನ ಐತಿ ನೋಡ್ರಿ" ಅಂದ್ರು ದೇಸಾಯಿ ಸರ್.

ಹೊಳ್ಳಿ ಬರೂ ರಸ್ತಾದಾಗ ಮಳಿ ಹೊಡೀತೋ ಬಿಟ್ಟಿತೋ ಗೊತ್ತಾಗಲಿಲ್ಲ. ದೇಸಾಯಿ ಮ್ಯಾಲಿನ ಕಿಚ್ಚು ಆರಿರಲಿಲ್ಲ, ಅದರ ಮ್ಯಾಲೆ ಅವ್ವನ ಕಿಚ್ಚು ಬ್ಯಾರೆ ಹತ್ತಿತು. ಯಾರ ಮುಂದ ಮಾತಾಡಬಾರದಂತ ನಾವಿಬ್ರೂ ಇಷ್ಟು ವರ್ಷ ತುಟಿ ಹೊಲಕೊಂಡಿದ್ವೋ, ಆ ಅವ್ವನ ಕೂಡ ಆಕಿ ದಿನಾ ಬಯಲಾಗ ನಗಾಡಿಕೊಂತ ಓಡ್ಯಾಳ. ಓಣಿಗೆಲ್ಲಾ ಗೊತ್ತೈತಿ. ನನಗೊಬ್ಬವ್ನಿಗಿ ಇಲ್ಲ.

ಅವ್ವ ಪಡಸಾಲ್ಯಾಗ ಜ್ವಾಳಾ ಹಸನ ಮಾಡ್ಕೋತ ಕುಂತಿದ್ಲು. ತೊಯ್ದ ಅಂಗಿ ಬಿಚ್ಚದ ಕೇಳಿದೆ, "ಆಕಿಗಿ ಸೈಕಲ್ ಕಲಿಸಿದಾಕಿ ನೀನೇನು?"

"ಹೂಂ. ನೀ ಕಲಿಸಿದ್ದನ್ನ ನೋಡಿದ್ನೆಲ್ಲ. ಎಮ್ಮಿ ಬಡದಂಗ ಒದರತಿದ್ದಿ."

"ನನಗ ಯಾಕ ಹೇಳಲಿಲ್ಲ?"

ಅವ್ವ ಮೊರ ಕೆಳಗ ಇಟ್ಲು. "ನಿನಗ ಹೆಂಗ ಹೇಳೂದೋ? ಲಗ್ನ ಆದಾಗಿಂದ ಆ ಹುಡುಗಿ ಕೂಡ ನೀ ಒಂದು ಮಾತು ಆಡಿದ್ದು ನಾ ಕೇಳಿಲ್ಲ. ಗ್ವಾಡಿ ಕೂಡ ಮಾತಾಡ್ತಿ. ನಿಮ್ಮಪ್ಪನೂ ಹಂಗ ಇದ್ದ, ಹೊಲದಾಗ ಎತ್ತಿನ ಕೂಡ ಮಾತಾಡಿ ನಾ ದಿನಾ ತಳ್ಳಿದೆ. ಈಕಿಗಿ ಹೊಲಾನೂ ಇಲ್ಲ, ಎತ್ತೂ ಇಲ್ಲ. ನನ್ನ ಮಗ ಅಂತೂ ಮೂಕ, ನೀನರ ನಾಕ ಮಂದ್ಯಾಗ ಹೋಗು, ಮಾತಾಡು, ನಗು ಅಂತ ನಾನ ಹತ್ತಿಸಿದೆ."

"ನಿಮ್ಮ ಮುಂದ ಮಾತಾಡಬಾರದು ಅಂತ..." ಅನ್ನಾಕ ಹೋದೆ.

"ಯಾವಾಕಿ ಅಂದಿದ್ಲು ಹಂಗಂತ? ನಾ ಅಂದಿದ್ನೇನು?"

ಅವ್ವ ಅಂದಿರಲಿಲ್ಲ. ಯಾರೂ ಅಂದಿರಲಿಲ್ಲ.

"ಮೂಕ ಅಂದಾಗ ಆಕಿ ಏನಂದ್ಲು?" ಅಂತ ಕೇಳಿದೆ.

"ಏನಂತಾಳ ಪಾಪ. ಸೆರಗು ಬಾಯಿಗಿ ಇಟ್ಕೊಂಡು ನಕ್ಕಳು."

ಆಗ ನನಗ ಥಟ್ಟನ ಹೊಳೀತು. ದೇಸಾಯಿಗಿ ನನ್ನ ಹಲ್ಲು ಗೊತ್ತಿತ್ತು, ನಾ ಮಾತಾಡ್ತೀನಿ ಅಂತ ಗೊತ್ತಿರಲಿಲ್ಲ. ಅವ್ವಗ ಗೊತ್ತಿರಲಿಲ್ಲ, ವೈನಿಗಿ ಗೊತ್ತಿರಲಿಲ್ಲ. ಎಲ್ಲಾ ಹಂಚಿದಾಕಿ ಅದೊಂದನ್ನ ಯಾರಿಗೂ ಕೊಟ್ಟಿರಲಿಲ್ಲ. ನೀಲಾ ಬರೂ ತನಕ ನಾ ಕುಂತಲ್ಲೆ ಕುಂದರಲಿಲ್ಲ, ನಿಂತಲ್ಲೆ ನಿಂದರಲಿಲ್ಲ. ಖುಷಿಗಿ ಹುಚ್ಚು ಹಿಡಿಯೂದೊಂದು ಬಾಕಿ.

ಸಂಜಿಕ ಆಕಿ ಬಂದ್ಲು. ಸೈಕಲ್ ಕಟ್ಟಿಗಿ ಆನಿಸಿ, ತಲಿಮ್ಯಾಲಿನ ನೀರು ಸೆರಗಿಂದ ಒರಸ್ಕೊಂತ ಪಡಸಾಲಿಗಿ ಕಾಲಿಟ್ಲು. ಅವ್ವ, ಅಣ್ಣ, ವೈನಿ ಚಹಾ ಕುಡಿಯಾಕ ಕುಂತಿದ್ರು. ಓಣಿ ತಿರುವು ತನಕ ಕಾಯೂ ತಾಳ್ಮಿ ನನಗೆಲ್ಲಿಂದ ಬರಬೇಕು.

"ನೀಲಾ!" ಅಂದೆ. ಜೋರಾಗಿ, ಹೆಸರು ಹಿಡದು. ಅಣ್ಣನ ಚಹಾದ ಬಶಿ ಬಾಯಿ ಹತ್ರ ನಿಂತ ಬಿಡ್ತು.

"ನಿಮ್ಮ ಡಬ್ಬಿಯವರಿಗಿ ಎಲ್ಲಾ ಹೇಳೀದಿ, ಅವ್ವಗೂ ಎಲ್ಲಾ ಹೇಳೀದಿ. ನಾವಿಬ್ರೂ ಕ್ಯಾರಿಯರ್ ಮ್ಯಾಲೆ ಇಷ್ಟು ವರ್ಷ ಊರ ಮಾತು ಆಡೇವಿ, ಅದನ್ನ ಯಾಕ ಹೇಳಲಿಲ್ಲ? ನಿನ್ನ ಗಂಡ ಮೂಕ ಅಂದ್ರೂ ಯಾಕ ಹೇಳಲಿಲ್ಲ?"

ವೈನಿ ಬಾಯಿಗಿ ಕೈ ಇಟ್ಕೊಂಡ್ಲು. "ಏನು? ಕ್ಯಾರಿಯರ್ ಮ್ಯಾಲೆ ಏನು?" ಅಂತ ಅವ್ವ ನನ್ನ ಮುಖ ಆಕಿ ಮುಖ ನೋಡಿದ್ಲು. ನೀಲಾ ನೆಲ ನೋಡಲಿಲ್ಲ, ಒಳಗ ಓಡಲಿಲ್ಲ. ನನ್ನ ನೆಟ್ಟಗ ನೋಡಿದ್ಲು, ಕಣ್ಣಾಗ ನೀರು ನಿಂತಿತ್ತು.

"ಅದೊಂದ ನಮ್ಮಿಬ್ಬರದ ಇತ್ರೀ. ಇವತ್ತ ನೀವ ಹಂಚಿಬಿಟ್ರಿ" ಅಂದ್ಲು.

ಆ ಮನ್ಯಾಗ, ಹಿರೇರ ಮುಂದ, ಆಕಿ ನನ್ನ ಕೂಡ ಆಡಿದ ಮೊದಲನೇ ಮಾತು ಅದು.